ಕೊಡಗಿನ ಶಾಲೆಗೆ ಕಡಲ ಪಳೆಯುಳಿಕೆ: ಹುಡುಕುವುದರಿಂದ ಮಕ್ಕಳ ಕೈಗೆ ಕೊಡುವವರೆಗೆ

ಮಕ್ಕಳಿಗೆ ಪಳೆಯುಳಿಕೆ ತೋರಿಸಬೇಕು ಅಂತ ಹೊರಡುವವರು ಬಹುತೇಕ ಒಂದೇ ಕಡೆ ಎಡವುತ್ತಾರೆ. ಮೊದಲು ಚೀಲದ ತುಂಬ ಕಲ್ಲು ತರುತ್ತಾರೆ. ಯಾವ ಕಲ್ಲು ಯಾವ ಊರಿನದು ಅನ್ನುವುದು ಮನೆಗೆ ಬರುವಷ್ಟರಲ್ಲಿ ಮರೆತಿರುತ್ತದೆ. ಆಮೇಲೆ ಆ್ಯಸಿಡ್ ಹಾಕಿ ತೊಳೆಯುತ್ತಾರೆ. ಮಳೆಗಾಲದಲ್ಲಿ ಅರ್ಧ ಹಾಳಾಗುತ್ತದೆ. ಉಳಿದದ್ದನ್ನು ಶಾಲೆಗೆ ಒಯ್ದು ಗಂಟೆಗಟ್ಟಲೆ ಭಾಷಣ ಮಾಡುತ್ತಾರೆ, ಮಕ್ಕಳು ಆಕಳಿಸುತ್ತಾರೆ.

ಕ್ರಮವನ್ನು ತಿರುಗಿಸಿ. ತರಗತಿಯಲ್ಲಿ ಏನು ನಡೆಯಬೇಕು ಅನ್ನುವುದನ್ನು ಮೊದಲು ತೀರ್ಮಾನಿಸಿ, ಅದಕ್ಕೆ ಬೇಕಾದಷ್ಟೇ ಕಲ್ಲು ತನ್ನಿ.

1. ಮೊದಲು ಶಾಲೆಗೆ ಹೋಗಿ, ಬರಿಗೈಯಲ್ಲಿ

ಮುಖ್ಯ ಶಿಕ್ಷಕರ ಹತ್ತಿರ ಮಾತಾಡಿ ನಾಲ್ಕು ವಿಷಯ ತಿಳಿದುಕೊಳ್ಳಿ: ಯಾವ ತರಗತಿ, ಎಷ್ಟು ಮಕ್ಕಳು, ಎಷ್ಟು ಹೊತ್ತು ಸಿಗುತ್ತದೆ, ಕಲ್ಲುಗಳನ್ನು ಇಡಲು ಬೀಗವಿರುವ ಬೀರು ಇದೆಯಾ. ಐದರಿಂದ ಎಂಟನೇ ತರಗತಿಯ ಮಕ್ಕಳಿಗೆ ಇದು ಚೆನ್ನಾಗಿ ಹೊಂದುತ್ತದೆ. ಒಂದನೇ, ಎರಡನೇ ತರಗತಿಯವರು ಚಿಕ್ಕ ಚೂರುಗಳನ್ನು ಬಾಯಿಗೆ ಹಾಕಿಕೊಳ್ಳಬಹುದು. ಅವರಿಗೆ ಅಂಗೈಗಿಂತ ದೊಡ್ಡ ಕಲ್ಲು ಮಾತ್ರ ಕೊಡಿ.

30 ಮಕ್ಕಳಿದ್ದರೆ ಐದೈದು ಜನರ ಆರು ಗುಂಪು ಆಗುತ್ತದೆ. ಗುಂಪಿಗೆ ಎರಡು ಚೂರು ಅಂದರೆ ಒಟ್ಟು 12 ಸಾಕು. ನನ್ನ ಪ್ರಕಾರ ಒಳ್ಳೆಯ ಪೆಟ್ಟಿಗೆ ಹೀಗಿರುತ್ತದೆ: ಸಿಂಪಿಯ ಪಳೆಯುಳಿಕೆ ನಾಲ್ಕು, ಬೆಲೆಮ್ನೈಟ್ (ಬೊಂಡಾಸ್ ಬಳಗದ ಪ್ರಾಣಿಯ ಮೈಯೊಳಗಿನ ಗಟ್ಟಿ ಭಾಗ) ಎರಡು, ಸುರುಳಿ ಹುಳುವಿನ ಕೊಳವೆ ಎರಡು, ಅಮೊನೈಟ್ (ಸುರುಳಿ ಚಿಪ್ಪಿನ, ಈಗ ಅಳಿದುಹೋದ ಕಡಲ ಪ್ರಾಣಿ) ಚೂರು ಒಂದು, ಚಿಪ್ಪು ತುಂಬಿದ ಸುಣ್ಣಕಲ್ಲು ಒಂದು. ಜೊತೆಗೆ ಏನೂ ಇಲ್ಲದ ಕೊಡಗಿನ ಕಲ್ಲು ಎರಡು. ಈ ಕೊನೆಯ ಎರಡನ್ನು ಬಿಡಬೇಡಿ. ಹೋಲಿಸಿ ನೋಡಲು ಏನೂ ಇಲ್ಲದಿದ್ದರೆ ಮಕ್ಕಳಿಗೆ ಎಲ್ಲವೂ ಪಳೆಯುಳಿಕೆಯಾಗಿಯೇ ಕಾಣುತ್ತದೆ.

2. ಕೊಡಗಿನ ಹೊಳೆಯಲ್ಲಿ ಹುಡುಕಿ ಸಮಯ ಕಳೆಯಬೇಡಿ

ಅತಿ ಹೆಚ್ಚು ಜನ ಸೋಲುವುದು ಇಲ್ಲೇ. ಕೊಡಗಿನ ಬುನಾದಿ ಕಲ್ಲು ಸುಮಾರು 300 ಕೋಟಿ ವರ್ಷ ಹಳೆಯದು. ಭೂಮಿಯ ಆಳದಲ್ಲಿ ಬೆಂದು, ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿದ ಕಲ್ಲು. ಚಿಪ್ಪು ಇರುವ ಪ್ರಾಣಿಗಳು ಹೆಚ್ಚಾಗಿ ಕಾಣಿಸಿಕೊಂಡಿದ್ದೇ ಸುಮಾರು 54 ಕೋಟಿ ವರ್ಷದ ಹಿಂದೆ. ಹಾಗಾಗಿ ಹಾರಂಗಿಯಲ್ಲೋ ಲಕ್ಷ್ಮಣತೀರ್ಥದಲ್ಲೋ ಎಷ್ಟು ಕಲ್ಲು ತಿರುವಿ ಹಾಕಿದರೂ ಕಡಲ ಚಿಪ್ಪಿನ ಪಳೆಯುಳಿಕೆ ಸಿಗುವುದಿಲ್ಲ.

ಆದರೂ ಜನ ತಂದು ತೋರಿಸುತ್ತಲೇ ಇರುತ್ತಾರೆ. ಸಾಮಾನ್ಯವಾಗಿ ಮೋಸ ಮಾಡುವವು ಇವು:

ಕಲ್ಲಿನ ಬಿರುಕಿನಲ್ಲಿ ಜರೀಗಿಡದ ಎಲೆಯ ಹಾಗೆ ಕಪ್ಪು ಚಿತ್ತಾರ. ಇದು ಗಿಡವಲ್ಲ, ಮ್ಯಾಂಗನೀಸ್ ಇಳಿದು ಆದ ಗೆರೆ. ಮಧ್ಯದ ನಾಳ, ತೊಟ್ಟು ಯಾವುದೂ ಇರುವುದಿಲ್ಲ.

ಜಂಬಿಟ್ಟಿಗೆ ಕಲ್ಲಿನ ತೂತು, ಕೊಳವೆ, ಗುಂಡು. ಮೂಳೆಯಂತೆ ಕಾಣುತ್ತದೆ, ಆದರೆ ಮಣ್ಣಿನ ಕಬ್ಬಿಣದ ಅಂಶ ಗಟ್ಟಿಯಾದದ್ದು ಅಷ್ಟೇ.

ಹೊಳೆಯುವ ಪದರ ಇರುವ ಕಲ್ಲು. ಅದು ಕಾಗೆಬಂಗಾರ, ಮೀನಿನ ಹುರುಪೆ ಅಲ್ಲ.

ಕಾಫಿ ತೋಟದಲ್ಲಿ ಸಿಗುವ ಬಿಳಿ ಚಿಪ್ಪು. ದೊಡ್ಡದಾಗಿ, ಉದ್ದಕ್ಕೆ ಚೂಪಾಗಿದ್ದರೆ ಆಫ್ರಿಕನ್ ಬಸವನಹುಳುವಿನದು. ನೆಲದ ಹುಳು, ಕಡಲಿನದಲ್ಲ, ಸತ್ತು ಹೆಚ್ಚು ದಿನ ಆಗಿರುವುದೂ ಇಲ್ಲ. ಈ ಹುಳು ರೋಗ ತರುವ ಪರೋಪಜೀವಿಗಳನ್ನು ಹೊತ್ತಿರುತ್ತದೆ. ಮಕ್ಕಳು ಮುಟ್ಟಿದ್ದರೆ ಸೋಪು ಹಾಕಿ ಕೈ ತೊಳೆಸಿ.

ತೋಟಕ್ಕೆ ಹಾಕಿದ ಸುಣ್ಣದಲ್ಲೋ, ಮನೆ ಕಟ್ಟಲು ತರಿಸಿದ ಮರಳಿನಲ್ಲೋ ಒಂದೊಂದು ಸಲ ನಿಜವಾದ ಕಡಲ ಚಿಪ್ಪು ಇರುತ್ತದೆ. ಲಾರಿಯಲ್ಲಿ ಬಂದದ್ದು, ನಮ್ಮ ಬೆಟ್ಟದ್ದಲ್ಲ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಕಲ್ಲಿನ ಮೂಲೆಗೆ ಒಂದು ತೊಟ್ಟು ಬಿಳಿ ವಿನೆಗರ್ ಬಿಟ್ಟು ಭೂತಗನ್ನಡಿಯಲ್ಲಿ ನೋಡಿ. ಗುಳ್ಳೆ ಬಂದರೆ ಅದರಲ್ಲಿ ಸುಣ್ಣದ ಅಂಶ ಇದೆ ಎಂದು ಅರ್ಥ. ಪಳೆಯುಳಿಕೆ ಎಂದು ಅರ್ಥವಲ್ಲ. ಗುಳ್ಳೆ ಬಾರದಿದ್ದರೆ ಮಾಮೂಲಿ ಕಲ್ಲಿರುವ ಸಾಧ್ಯತೆಯೇ ಜಾಸ್ತಿ. ವಿನೆಗರ್ ಇಲ್ಲ ಅಂತ ಅಡುಗೆಗೆ ಹಾಕುವ ಕಾಚಂಪುಳಿ ಹುಳಿ ಬಳಸಬೇಡಿ. ಅದು ಕಪ್ಪಗಿರುವುದರಿಂದ ಗುಳ್ಳೆ ಕಾಣುವುದಿಲ್ಲ. ಕಲ್ಲಿಗೆ ಸುರಿದರೆ ಮನೆಯಲ್ಲಿ ಬೈಸಿಕೊಳ್ಳಬೇಕಾದೀತು, ಅದು ಬೇರೆ ಮಾತು.

3. ಎಲ್ಲಿಗೆ, ಯಾವಾಗ, ಯಾರನ್ನು ಕೇಳಿ

ನಮಗೆ ಅನುಕೂಲವಾದ ಜಾಗ ತಮಿಳುನಾಡಿನ ಅರಿಯಲೂರು ಸುತ್ತಮುತ್ತ. ತಲಕಾವೇರಿಯಲ್ಲಿ ಹುಟ್ಟಿದ ನದಿ ಕಡಲು ಸೇರುವ ಮುಂಚೆ ಕವಲೊಡೆದು ಕೊಳ್ಳಿಡಂ ಆಗುತ್ತದಲ್ಲ, ಅದರ ಉತ್ತರಕ್ಕಿರುವ ಬಯಲು ಇದು. ಸುಮಾರು 11 ಕೋಟಿಯಿಂದ 6.6 ಕೋಟಿ ವರ್ಷದ ಹಿಂದೆ ಇಲ್ಲಿ ಕಡಲು ಮತ್ತೆ ಮತ್ತೆ ಒಳನುಗ್ಗಿ ಹಿಂದೆ ಸರಿದಿತ್ತು. ಕಾರೈ ಊರಿನ ಜೇಡಿಮಣ್ಣಿನ ಕೊರಕಲುಗಳಲ್ಲಿ ಬೆಲೆಮ್ನೈಟ್, ಸುರುಳಿ ಕೊಳವೆಗಳು ಸಿಗುತ್ತವೆ. ಕಲ್ಲಂಕುರಿಚ್ಚಿಯ ಸುಣ್ಣಕಲ್ಲಿನ ಪದರದಲ್ಲಿ ಗ್ರೈಫಿಯಾ ಜಾತಿಯ ದಪ್ಪ ಸಿಂಪಿಗಳು ರಾಶಿರಾಶಿ ಇವೆ. ಗರುಡಮಂಗಲದ ಕಡೆ ಚಿಪ್ಪು ಕಿಕ್ಕಿರಿದ ಕಲ್ಲು ಕಾಣುತ್ತದೆ.

ಮೈಸೂರಿನಿಂದ ತಿರುಚ್ಚಿಗೆ ರಾತ್ರಿ ರೈಲಿದೆ. ಅಲ್ಲಿಂದ ಅರಿಯಲೂರು 70 ಕಿ.ಮೀ. ಆಸುಪಾಸು. ಇಳಿದ ತಕ್ಷಣ ಕೊರಕಲಿಗೆ ಓಡಬೇಡಿ. ಹತ್ತಿರದ ವಾರಣವಾಸಿಯಲ್ಲಿ ಪಳೆಯುಳಿಕೆ ಮ್ಯೂಸಿಯಂ ಇದೆ. ಮೊದಲು ಅದನ್ನು ನೋಡಿ. ಏನು ಹುಡುಕುತ್ತಿದ್ದೇವೆ ಅಂತ ಕಣ್ಣಿಗೆ ಗೊತ್ತಿಲ್ಲದಿದ್ದರೆ ಕಾಲಡಿಯಲ್ಲಿ ಇದ್ದರೂ ಕಾಣುವುದಿಲ್ಲ.

ಜನವರಿ, ಫೆಬ್ರುವರಿ ಒಳ್ಳೆಯ ಕಾಲ. ಅಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮಳೆ. ಅದು ಮಣ್ಣು ಕೊಚ್ಚಿಕೊಂಡು ಹೋಗಿ ಹೊಸ ಚೂರುಗಳನ್ನು ಮೇಲೆ ತಂದಿರುತ್ತದೆ. ಕಾಫಿ ಕೊಯ್ಲಿನ ಮಧ್ಯೆ ಪುರುಸೊತ್ತು ಸಿಗುವುದಿಲ್ಲ ಅಂತ ಏಪ್ರಿಲ್, ಮೇಗೆ ಮುಂದೂಡಬೇಡಿ. ಜಿಗಣೆಗೆ ಹೆದರದ ನಾವು ಆ ಬಿಸಿಲಿಗೆ ಮಲಗಿಬಿಡುತ್ತೇವೆ.

ಅನುಮತಿಯ ವಿಷಯದಲ್ಲಿ ಸಡಿಲ ಬೇಡ. ಹೊಲವಾದರೆ ಹೊಲದವರನ್ನು ಕೇಳಿ. ಸಿಮೆಂಟ್ ಕಾರ್ಖಾನೆಗಳ ಸುಣ್ಣಕಲ್ಲಿನ ಗಣಿಯಾದರೆ ಗಣಿಯ ವ್ಯವಸ್ಥಾಪಕರ ಲಿಖಿತ ಅನುಮತಿ ಬೇಕು. ಅಲ್ಲಿ ಸಿಡಿಮದ್ದು ಸಿಡಿಸುತ್ತಾರೆ, ಬೇಲಿ ದಾಟಿ ನುಗ್ಗುವ ಜಾಗವಲ್ಲ. ಜಿಲ್ಲಾಡಳಿತದ ನಿರ್ಬಂಧ ಇದೆಯಾ ಎಂದು ಮ್ಯೂಸಿಯಂನಲ್ಲೇ ವಿಚಾರಿಸಿ, ಇದೆ ಅಂದರೆ ಫೋಟೋ ತೆಗೆದು ವಾಪಸ್ ಬನ್ನಿ. ಹತ್ತಿರದ ಸಾತನೂರಿನಲ್ಲಿರುವ ಕಲ್ಲಾದ ಮರದಂಥ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ಒಂದು ಚೂರನ್ನೂ ಮುಟ್ಟುವಂತಿಲ್ಲ.

ಆನ್‌ಲೈನ್‌ನಲ್ಲಿ ಕೊಳ್ಳುವ ಯೋಚನೆ ಇದ್ದರೆ ಬಿಡಿ. ರೆಸಿನ್ ಹುಯ್ದು ಮಾಡಿದ ನಕಲಿಗಳು ಬೇಕಾದಷ್ಟಿವೆ. ಸಣ್ಣ ಗಾಳಿಗುಳ್ಳೆ, ಎಲ್ಲ ಕಡೆ ಒಂದೇ ಬಣ್ಣ, ಅನುಮಾನ ಬರುವಷ್ಟು ಅಚ್ಚುಕಟ್ಟು, ಇವು ನಕಲಿಯ ಗುರುತು. ಅಸಲಿಯೇ ಆದರೂ ಯಾವ ಊರಿನದು ಅನ್ನುವ ವಿವರ ಇರುವುದಿಲ್ಲ.

4. ಚೀಲದಲ್ಲಿ ಏನಿರಬೇಕು

ಸುತ್ತಿಗೆ ಒಂದು, ಸಣ್ಣ ಉಳಿ ಒಂದು. ಕಣ್ಣಿಗೆ ವೆಲ್ಡಿಂಗ್ ಅಂಗಡಿಯಲ್ಲಿ ಸಿಗುವ ಬಿಳಿ ಗಾಜಿನ ರಕ್ಷಣಾ ಕನ್ನಡಕ. 10 ಪಟ್ಟು ದೊಡ್ಡದಾಗಿ ತೋರಿಸುವ ಕೈ ಭೂತಗನ್ನಡಿ. ಹಳೆ ಟೂತ್‌ಬ್ರಷ್, ಪೇಂಟ್ ಬ್ರಷ್, ಹಳೆ ಪತ್ರಿಕೆ, ಜಿಪ್ ಕವರ್, ಪೆನ್ಸಿಲ್, ನೋಟ್‌ಬುಕ್, ಮಾರ್ಕರ್. ಸ್ಕೇಲ್ ಮರೆತರೆ 10 ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆಯಿರಿ, ಅದರ ಅಗಲ 27 ಮಿ.ಮೀ.

ಟೋಪಿ, ಒಬ್ಬೊಬ್ಬರಿಗೆ ಮೂರು ಲೀಟರ್ ನೀರು, ದಪ್ಪ ಅಡಿಯ ಶೂ. ಅಲ್ಲಿ ಬಳ್ಳಾರಿ ಜಾಲಿ ಮುಳ್ಳು ಚಪ್ಪಲಿ ತೂರಿ ಬರುತ್ತದೆ.

ಸುತ್ತಿಗೆ ಇದೆ ಅಂತ ಎಲ್ಲದಕ್ಕೂ ಹೊಡೆಯಬೇಡಿ. ಕಾರೈನಲ್ಲಿ ಅದರ ಕೆಲಸವೇ ಇಲ್ಲ, ಎಲ್ಲವೂ ನೆಲದ ಮೇಲೆ ಬಿದ್ದಿರುತ್ತದೆ.

5. ಆರಿಸುವಾಗ: ಫೋಟೋ, ಬರಹ, ಆಮೇಲೆ ಕೈ

ಈ ಹಂತದಲ್ಲಿ ಅವಸರ ಮಾಡಿದವರ ಸಂಗ್ರಹ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ವಿಳಾಸ ಇಲ್ಲದ ಪಳೆಯುಳಿಕೆ ಬರೀ ಚಂದದ ಕಲ್ಲು. ಆದ್ದರಿಂದ ಪ್ರತಿ ಚೂರಿಗೂ ಇದೇ ಕ್ರಮ ಇರಲಿ.

ಕಂಡ ತಕ್ಷಣ ಎತ್ತಬೇಡಿ. ಮೊದಲು ಬಿದ್ದ ಜಾಗದಲ್ಲೇ ಎರಡು ಫೋಟೋ: ಒಂದು ಹತ್ತಿರದಿಂದ ನಾಣ್ಯ ಇಟ್ಟು, ಇನ್ನೊಂದು ಹಿಂದಕ್ಕೆ ಸರಿದು ಸುತ್ತಲಿನ ದಿಬ್ಬ ಕಾಣುವ ಹಾಗೆ. ಫೋನಿನಲ್ಲಿ ಲೊಕೇಶನ್ ಆನ್ ಇರಲಿ. ಆಮೇಲೆ ನೋಟ್‌ಬುಕ್‌ನಲ್ಲಿ ಬರೆಯಿರಿ. ಅದಾದ ಮೇಲೆ ಎತ್ತಿ, ಪತ್ರಿಕೆಯಲ್ಲಿ ಸುತ್ತಿ, ನಂಬರ್ ಚೀಟಿಯ ಸಮೇತ ಕವರ್‌ಗೆ ಹಾಕಿ. ಒಂದು ಕವರ್‌ಗೆ ಒಂದೇ ಜಾಗದ್ದು.

ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ನಿನ ಶಾಯಿ ತೇವಕ್ಕೆ ಹರಡಬಹುದು. ಇಷ್ಟಿದ್ದರೆ ಸಾಕು:

ನಂಬರ್: ಕಾ-07
ಊರು: ಕಾರೈ, ತಮಿಳುನಾಡು
ಅಕ್ಷಾಂಶ, ರೇಖಾಂಶ: ಫೋನಿನಲ್ಲಿ ಬಂದಂತೆ
ಕಲ್ಲು/ಮಣ್ಣು: ಹಳದಿ ಜೇಡಿ, ಮಧ್ಯೆ ಜಿಪ್ಸಂ ಪಟ್ಟಿ
ಹೇಗೆ ಸಿಕ್ಕಿತು: ಬಿಡಿಯಾಗಿ ನೆಲದ ಮೇಲೆ
ದಿನಾಂಕ, ಸಂಗ್ರಹಿಸಿದವರು, ಅನುಮತಿ ಕೊಟ್ಟವರು

'ಹೇಗೆ ಸಿಕ್ಕಿತು' ಎನ್ನುವ ಸಾಲನ್ನು ಬಹಳ ಜನ ಬಿಡುತ್ತಾರೆ. ಬಿಡಿ ಚೂರು ಮೇಲಿನ ಪದರದಿಂದ ಉರುಳಿ ಬಂದಿರಬಹುದು, ಹಾಗಾಗಿ ಅದರ ವಯಸ್ಸು ಅಂದಾಜು ಮಾತ್ರ. ಪದರದಲ್ಲೇ ಹುದುಗಿದ್ದರೆ ಲೆಕ್ಕ ಬೇರೆ.

ಏನೇನು ಗುರುತಿಸಬೇಕು ಅಂದರೆ, ಬೆಲೆಮ್ನೈಟ್ ಬಂದೂಕಿನ ಗುಂಡಿನ ಆಕಾರದ್ದು, ಕಂದು ಬಣ್ಣ. ಮುರಿದ ಕಡೆ ನೋಡಿದರೆ ನಡುವಿನಿಂದ ಹೊರಕ್ಕೆ ಗೆರೆಗಳು ಹರಡಿರುತ್ತವೆ. ಇದು ಕಪ್ಪೆಬೊಂಡಾಸ್ ಬಳಗದ ಪ್ರಾಣಿಯ ಮೈಯೊಳಗಿನ ಗಟ್ಟಿ ಭಾಗ. ಸುರುಳಿ ಕೊಳವೆಗಳನ್ನು ಚಿಕ್ಕ ಬಸವನಹುಳು ಅಂದುಕೊಳ್ಳುವವರು ಜಾಸ್ತಿ, ಆದರೆ ಅವು ಕಡಲ ಹುಳು ಕಟ್ಟಿಕೊಂಡ ಸುಣ್ಣದ ಮನೆ. ಗ್ರೈಫಿಯಾದ ಒಂದು ಚಿಪ್ಪು ಉಬ್ಬಿ ಬಾಗಿರುತ್ತದೆ, ಇನ್ನೊಂದು ಮುಚ್ಚಳದಂತೆ ಚಪ್ಪಟೆ. ಅಮೊನೈಟ್ ಚೂರಿನ ಮೇಲೆ ಅಂಕುಡೊಂಕಾದ ಗೆರೆ ಕಂಡರೆ ಖುಷಿಪಡಿ, ಅದು ಒಳಗಿನ ಕೋಣೆಗಳ ಗೋಡೆ ಹೊರ ಚಿಪ್ಪಿಗೆ ಸೇರಿದ ಜಾಗ. ಗಾಜಿನಂತೆ ಹೊಳೆದು, ಉಗುರಿನಲ್ಲಿ ಗೀರಿದರೆ ಗೀರು ಬೀಳುವಂಥದ್ದು ಜಿಪ್ಸಂ, ಅದನ್ನು ಅಲ್ಲೇ ಬಿಡಿ.

ನಿಲ್ಲಿಸಬೇಕಾದ ಸೂಚನೆಗಳೂ ಇವೆ. ಮೂಳೆ, ಹಲ್ಲಿನ ಸಾಲು, ಮೊಟ್ಟೆಯಂಥ ಗುಂಡು ಗುಂಪಾಗಿ ಕಂಡರೆ ಅಥವಾ ತಟ್ಟೆಗಿಂತ ದೊಡ್ಡ ಅಮೊನೈಟ್ ಇಡಿಯಾಗಿ ಸಿಕ್ಕರೆ ಅಗೆಯಬೇಡಿ. ಫೋಟೋ, ಜಾಗದ ಗುರುತು ತೆಗೆದುಕೊಂಡು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ ತಿಳಿಸಿ. ಬೆಂಗಳೂರಿನ ಕುಮಾರಸ್ವಾಮಿ ಬಡಾವಣೆಯಲ್ಲಿ ಅದರ ಕಚೇರಿ ಇದೆ. ಇನ್ನೊಂದು, ಕೊರಕಲಿನ ಅಂಚಿನಲ್ಲಿ ಬಿರುಕು ಕಂಡರೆ ಅದರ ಕೆಳಗೆ ಕೂರಬೇಡಿ. ಜೇಡಿಮಣ್ಣು ಹೇಳದೆ ಕೇಳದೆ ಕುಸಿಯುತ್ತದೆ. ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪೆಟ್ಟಿಗೆಗೆ ಬೇಕಾದ ಹತ್ತು ಸಿಕ್ಕ ಮೇಲೆ ವಾಪಸ್ ಹೊರಡಿ.

6. ತೊಳೆಯುವುದು: ಕಡಿಮೆ ಮಾಡಿದಷ್ಟೂ ಒಳ್ಳೆಯದು

ಮೊದಲು ಒಣ ಬ್ರಷ್. ಆಮೇಲೆ ಗಟ್ಟಿ ಚಿಪ್ಪುಗಳಿಗೆ ಮಾತ್ರ ನೀರು, ಟೂತ್‌ಬ್ರಷ್. ಮೂಲೆಯ ಮಣ್ಣಿಗೆ ಬಿದಿರು ಕಡ್ಡಿ. ಒಂದು ಸಲಕ್ಕೆ ಒಂದೇ ಚೂರು, ಪಕ್ಕದಲ್ಲೇ ಅದರ ಚೀಟಿ. ಎಲ್ಲವನ್ನೂ ಒಂದೇ ಬಕೆಟ್‌ಗೆ ಹಾಕಿದರೆ ಚೀಟಿಗಳೆಲ್ಲ ಅದಲು ಬದಲು.

ವಿನೆಗರ್, ನಿಂಬೆಹುಳಿ, ಬಾತ್‌ರೂಂ ಆ್ಯಸಿಡ್ ಯಾವುದೂ ಬೇಡ. ಪಳೆಯುಳಿಕೆಯೇ ಸುಣ್ಣದ್ದು, ಮಣ್ಣಿನ ಜೊತೆ ಅದೂ ಕರಗುತ್ತದೆ. ಹೊಳಪಿಗಾಗಿ ವಾರ್ನಿಷ್ ಬಳಿಯಬೇಡಿ. ಮುರಿದರೆ ಹಾಗೆಯೇ ಎರಡು ಚೂರಾಗಿ ಇಡಿ. ಒಳಭಾಗ ನೋಡಲು ಮಕ್ಕಳಿಗೆ ಅದೇ ಅನುಕೂಲ.

ನೆರಳಿನಲ್ಲಿ ಒಣಗಿಸಿ. ಕಾಫಿ ಕಣದಲ್ಲಿ ಸುಡುಬಿಸಿಲಿಗೆ ಹರವಿದರೆ ಜೇಡಿ ತುಂಬಿದ ಚೂರುಗಳು ಸೀಳುತ್ತವೆ.

7. ಕಲ್ಲಿನ ಮೇಲೇ ನಂಬರ್

ಚೀಟಿ ಕಳೆದುಹೋಗುತ್ತದೆ. ಮಕ್ಕಳ ಕೈಗೆ ಹೋಗುವ ವಸ್ತುವಿನ ಮೇಲೇ ನಂಬರ್ ಇರಬೇಕು. ಕಣ್ಣಿಗೆ ಬೀಳದ ಜಾಗದಲ್ಲಿ ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ಚುಕ್ಕೆ, ಒಣಗಿದ ಮೇಲೆ ವೈಟ್ನರ್ ಚುಕ್ಕೆ, ಅದರ ಮೇಲೆ ಕಪ್ಪು ಶಾಯಿಯಲ್ಲಿ ನಂಬರ್, ಮೇಲೊಂದು ಪದರ ಮತ್ತೆ ನೇಲ್ ಪಾಲಿಶ್. ಇದೇ ನಂಬರ್ ರಿಜಿಸ್ಟರ್‌ನಲ್ಲಿ, ಚೀಟಿಯಲ್ಲಿ, ಫೋಟೋ ಹೆಸರಿನಲ್ಲಿ.

ಹೆಸರು ಖಚಿತವಿಲ್ಲದಿದ್ದರೆ 'ಸಿಂಪಿ' ಅಂತಷ್ಟೇ ಬರೆಯಿರಿ. ಊಹೆ ಮಾಡಿ ಲ್ಯಾಟಿನ್ ಹೆಸರು ಹಾಕುವುದಕ್ಕಿಂತ ಅದು ಮೇಲು. ಖಚಿತ ಮಾಡಿಕೊಳ್ಳಬೇಕಿದ್ದರೆ ಮೈಸೂರು ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗ ಅಥವಾ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದ ಸಾಗರ ಭೂವಿಜ್ಞಾನ ವಿಭಾಗವನ್ನು ಕೇಳಬಹುದು. ಫೋಟೋ, ಚೀಟಿ ಎರಡೂ ಕಳಿಸಿ. ಬರೀ ಫೋಟೋ ಕಳಿಸಿ "ಇದೇನು ಸರ್?" ಅಂದರೆ ಅವರಾದರೂ ಏನು ಹೇಳಿಯಾರು?

8. ಮಳೆಗಾಲ ದಾಟಿಸುವುದು

ಬಯಲುಸೀಮೆಯವರಿಗೆ ಇಲ್ಲದ ಕಷ್ಟ ಇದು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಸ್ಟು ಹಿಡಿಯುವ ಊರಲ್ಲಿ ಪತ್ರಿಕೆ ಸುತ್ತಿಟ್ಟ ಕಲ್ಲುಗಳ ಗತಿ ಊಹಿಸಿ.

ಹೊರಗಿನಿಂದ ತಂದ ಪತ್ರಿಕೆಯನ್ನೆಲ್ಲ ಮೊದಲು ತೆಗೆದುಹಾಕಿ. ಗಾಳಿಯಾಡದ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ ತನ್ನಿ. ಅಡಿಗೆ ಫೋಮ್ ಹಾಕಿ, ಪ್ರತಿ ಚೂರಿಗೂ ಒಂದು ಗುಳಿ ಕತ್ತರಿಸಿ. ಸಿಲಿಕಾ ಜೆಲ್ ಚೀಲ ಇಡಿ. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಇರುತ್ತದೆ, ಶಾಲೆಗೆ ಕಿತ್ತಳೆ ಬಣ್ಣದ್ದೇ ಸರಿ. ಬಣ್ಣ ಬದಲಾಯಿತು ಅಂದರೆ ನೀರು ಹೀರಿ ತುಂಬಿದೆ, ಬದಲಿಸಿ.

ಹೊಸ ಪ್ಲೈವುಡ್ ಪೆಟ್ಟಿಗೆ ಮಾಡಿಸುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಮರ, ಪ್ಲೈವುಡ್‌ನಿಂದ ಹುಳಿ ಆವಿ ಹೊರಡುತ್ತದೆ, ತೇವ ಸೇರಿದರೆ ಚಿಪ್ಪಿನ ಮೇಲೆ ಬಿಳಿ ಪುಡಿ ಏಳುತ್ತದೆ. ಒಲೆಯ ಮೇಲಿನ ಅಟ್ಟವೂ ಬೇಡ, ಹಗಲು ಬಿಸಿ ರಾತ್ರಿ ತಣ್ಣಗಾಗಿ ಬಿರುಕು ಬಿಡುತ್ತದೆ.

ತಿಂಗಳಿಗೊಮ್ಮೆ ತೆರೆದು ನೋಡಿ. ಹಳದಿ ಅಥವಾ ಬಿಳಿ ಪುಡಿ, ಗಂಧಕದ ವಾಸನೆ, ಚೀಟಿಯ ಅಂಚು ಕಂದಾಗಿ ಸುಟ್ಟಂತಾಗುವುದು: ಈ ಮೂರರಲ್ಲಿ ಒಂದು ಕಂಡರೂ ಆ ಚೂರಿನೊಳಗೆ ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಖನಿಜ) ಕೊಳೆಯುತ್ತಿದೆ ಎಂದರ್ಥ. ತಕ್ಷಣ ಬೇರೆ ಡಬ್ಬಿಗೆ ಹಾಕಿ. ನೀರಿನಲ್ಲಿ ತೊಳೆಯಲು ಹೋಗಬೇಡಿ, ಇನ್ನೂ ಬೇಗ ಪುಡಿಯಾಗುತ್ತದೆ.

9. ತರಗತಿ: ಹೆಸರು ಕೊನೆಗೆ

ಜುಲೈ, ಆಗಸ್ಟ್‌ನಲ್ಲಿ ಮಳೆ ರಜೆ ಯಾವಾಗ ಬರುತ್ತದೋ ಹೇಳಲಾಗದು. ದಸರೆ ಕಳೆದ ಮೇಲೆ ದಿನ ಗೊತ್ತು ಮಾಡಿ. 40 ನಿಮಿಷ ಸಿಕ್ಕರೆ ಹೀಗೆ ಹಂಚಿಕೊಳ್ಳಬಹುದು.

ಮೊದಲ 10 ನಿಮಿಷ ನೀವು ಮಾತಾಡಬೇಡಿ. ಪ್ರತಿ ಗುಂಪಿಗೆ ಮರಳು ತುಂಬಿದ ತಟ್ಟೆಯಲ್ಲಿ ಎರಡು ಚೂರು ಕೊಡಿ. ತಟ್ಟೆ ನೆಲದ ಮೇಲೇ ಇರಲಿ, ಬಿದ್ದರೂ ಒಡೆಯುವುದಿಲ್ಲ. ಕೈಯಿಂದ ಕೈಗೆ ಸಾಗಿಸಲು ಬಿಟ್ಟರೆ ಮೂರನೇ ಸಾಲಿನಲ್ಲಿ ಒಂದು ಬಿದ್ದೇ ಬೀಳುತ್ತದೆ. ಕೇಳುವ ಪ್ರಶ್ನೆ ಒಂದೇ: ಇದು ಜೀವ ಇದ್ದದ್ದಾ, ಬರೀ ಕಲ್ಲಾ? ಹೇಗೆ ಗೊತ್ತಾಯಿತು?

ಮುಂದಿನ 10 ನಿಮಿಷ ಚಿತ್ರ ಬಿಡಿಸಲಿ. ಬಿಡಿಸುವಾಗಲೇ ಸರಿಯಾಗಿ ನೋಡುವುದು. ಈ ಹೊತ್ತಿನಲ್ಲಿ ಮೀನು ಮಾರ್ಕೆಟ್‌ನಿಂದ ತಂದು ಕುದಿಸಿ ತೊಳೆದ ಮರುವಾಯಿ ಚಿಪ್ಪನ್ನು ಪಕ್ಕದಲ್ಲಿಡಿ. "ಇದೂ ಅದೂ ಒಂದೇ ಥರ!" ಅಂತ ಅವರೇ ಕೂಗುತ್ತಾರೆ.

ಹೋಲಿಕೆಗೆ ಅಂತ ಹವಳ, ನಾಟಿಲಸ್ ಚಿಪ್ಪು ಕೊಂಡು ತರಬೇಡಿ. ಅವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ, ಇಟ್ಟುಕೊಳ್ಳುವುದೇ ಅಪರಾಧ. ಇನ್ನೊಂದು ಸೂಕ್ಷ್ಮ ಇದೆ. ಕೆಲವು ಮನೆಯ ದೇವರ ಕೋಣೆಯಲ್ಲಿ ನೇಪಾಳದ ಗಂಡಕಿ ನದಿಯ ಸಾಲಿಗ್ರಾಮ ಇರುತ್ತದೆ. ಹಲವು ಸಾಲಿಗ್ರಾಮಗಳ ಒಳಗಿನ ಚಕ್ರ ಅಮೊನೈಟ್‌ನದೇ. ಹೇಳಿ, ಆದರೆ "ನಾಳೆ ತನ್ನಿ" ಅನ್ನಬೇಡಿ. ಪೂಜೆಯ ವಸ್ತು ಮೇಜಿನ ಮೇಲೆ ಬಂದರೆ ಮನೆಯವರಿಗೂ ನೋವು, ಮೇಷ್ಟ್ರಿಗೂ ತಲೆನೋವು.

ನಂತರ ಹಗ್ಗ. 4 ಮೀಟರ್ 60 ಸೆಂ.ಮೀ. ಉದ್ದದ ಹಗ್ಗ ತನ್ನಿ, 1 ಸೆಂ.ಮೀ. ಅಂದರೆ 1 ಕೋಟಿ ವರ್ಷ. ಒಂದು ತುದಿ ಭೂಮಿ ಹುಟ್ಟಿದ್ದು, ಇನ್ನೊಂದು ಇವತ್ತು. ಇವತ್ತಿನ ತುದಿಯಿಂದ 300 ಸೆಂ.ಮೀ.ನಲ್ಲಿ ಕೊಡಗಿನ ಕಲ್ಲು ಇಡಿಸಿ. 54ರಲ್ಲಿ ಚಿಪ್ಪಿನ ಪ್ರಾಣಿಗಳು ಅಂತ ಚೀಟಿ ಕಟ್ಟಿ. 10ರ ಹತ್ತಿರ ಕಾರೈ ಬೆಲೆಮ್ನೈಟ್, 7ರಲ್ಲಿ ಕಲ್ಲಂಕುರಿಚ್ಚಿಯ ಸಿಂಪಿ, 6.6ರಲ್ಲಿ ದೊಡ್ಡ ಡೈನೋಸಾರ್‌ಗಳು ಇಲ್ಲವಾದದ್ದು. ಮನುಷ್ಯ ಎಲ್ಲಿ ಅಂತ ಕೇಳುತ್ತಾರೆ. ಮನುಷ್ಯ ಜಾತಿಗೆ ಸುಮಾರು 3 ಲಕ್ಷ ವರ್ಷ, ಅಂದರೆ ಮಿಲಿಮೀಟರಿನ ಮೂರನೇ ಒಂದು ಭಾಗವೂ ಇಲ್ಲ.

"ಹಾಗಾದರೆ ಬ್ರಹ್ಮಗಿರಿ ಸಮುದ್ರದಲ್ಲಿತ್ತಾ?" ಈ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಹಗ್ಗದಲ್ಲೇ ಇದೆ. ನಮ್ಮ ಕಲ್ಲು ಆದಾಗ ಚಿಪ್ಪಿನ ಪ್ರಾಣಿಯೇ ಇರಲಿಲ್ಲ, ಸಿಂಪಿ ಕಡಲಲ್ಲಿದ್ದಾಗ ಕಡಲು ಇದ್ದದ್ದು ಅರಿಯಲೂರಿನಲ್ಲಿ. ಗೊತ್ತಿಲ್ಲದ ಪ್ರಶ್ನೆ ಬಂದರೆ ಹಲಗೆಯ ಮೂಲೆಯಲ್ಲಿ ಬರೆದಿಡಿ, ಮುಂದಿನ ಸಲ ಉತ್ತರ ತನ್ನಿ.

ಹೆಸರುಗಳನ್ನು ಕೊನೆಯ ಐದು ನಿಮಿಷಕ್ಕೆ ಇಟ್ಟುಕೊಳ್ಳಿ. ಮೊದಲೇ 'ಬೆಲೆಮ್ನೈಟ್' ಅಂದುಬಿಟ್ಟರೆ ಮಕ್ಕಳು ಅದನ್ನು ಬರೆದುಕೊಂಡು ನೋಡುವುದನ್ನೇ ನಿಲ್ಲಿಸುತ್ತಾರೆ.

10. ಎರಡನೇ ದಿನ: ಅಚ್ಚು ತೆಗೆಯುವುದು

ಎಲ್ಲರಿಗೂ ಒಂದೊಂದು ಪಳೆಯುಳಿಕೆ ಕೊಡಲಾಗದು, ಅಚ್ಚು ಕೊಡಬಹುದು. ಮೆದು ಜೇಡಿಮಣ್ಣಿನ ಉಂಡೆ ತಟ್ಟಿ, ಎಣ್ಣೆ ಸವರಿದ ಮರುವಾಯಿ ಚಿಪ್ಪನ್ನು ಒತ್ತಿ ತೆಗೆಯಿರಿ. ಅಸಲಿ ಪಳೆಯುಳಿಕೆಗೆ ಎಣ್ಣೆ ಹಚ್ಚಬೇಡಿ, ಕಲೆ ಹೋಗುವುದಿಲ್ಲ. ಎರಡು ಲೋಟ ಪ್ಲಾಸ್ಟರ್ ಆಫ್ ಪ್ಯಾರಿಸ್‌ಗೆ ಒಂದು ಲೋಟ ನೀರು. ನೀರಿಗೆ ಪುಡಿ ಉದುರಿಸಬೇಕು, ಪುಡಿಗೆ ನೀರು ಸುರಿದರೆ ಗಂಟಾಗುತ್ತದೆ. ಕಲಸಿದ್ದನ್ನು ಜೇಡಿಮಣ್ಣಿನಲ್ಲಿ ಮೂಡಿದ ಗುಳಿಗೆ ಹುಯ್ಯಿರಿ, ಅರ್ಧ ಗಂಟೆಯಲ್ಲಿ ಗಟ್ಟಿಯಾಗುತ್ತದೆ.

ಕಲಸುವ ಕೆಲಸ ದೊಡ್ಡವರದು. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ಯಾವ ಮಗುವೂ ಅದರಲ್ಲಿ ಕೈ ಅದ್ದಿ ಅಚ್ಚು ತೆಗೆಯಲು ಬಿಡಬೇಡಿ, ಸುಟ್ಟಗಾಯ ಆಗುತ್ತದೆ. ಉಳಿದದ್ದನ್ನು ಸಿಂಕ್‌ಗೆ ಸುರಿದರೆ ಪೈಪ್ ಕಟ್ಟಿಕೊಳ್ಳುತ್ತದೆ, ಡಬ್ಬದಲ್ಲೇ ಗಟ್ಟಿಯಾಗಲು ಬಿಟ್ಟು ಬಿಸಾಕಿ.

11. ಪೆಟ್ಟಿಗೆ ಮುಂದಿನ ಶಾಲೆಗೆ

ತರಗತಿ ಮುಗಿದ ಕೂಡಲೇ, ಮಕ್ಕಳು ಹೊರಗೆ ಹೋಗುವ ಮುಂಚೆ, ಫೋಮ್‌ನ ಗುಳಿಗಳನ್ನು ನೋಡಿ. ಖಾಲಿ ಗುಳಿ ಕಂಡರೆ ಯಾರನ್ನೂ ಗದರಬೇಡಿ, "ಮರಳಲ್ಲಿ ಉಳಿದಿರಬೇಕು, ಹುಡುಕೋಣ" ಅಂದರೆ ಸಾಮಾನ್ಯವಾಗಿ ಸಿಗುತ್ತದೆ. ಮುರಿದಿದ್ದರೆ ರಿಜಿಸ್ಟರ್‌ನಲ್ಲಿ ಬರೆದು ಎರಡೂ ಚೂರಿಗೆ ಅದೇ ನಂಬರ್ ಹಾಕಿ. ಪೆಟ್ಟಿಗೆ ಕೊಡುವಾಗ, ತೆಗೆದುಕೊಳ್ಳುವಾಗ ಎರಡೂ ಕಡೆಯ ಸಹಿ ಇರಲಿ. ಚೀಟಿಗಳ ಫೋಟೋ ನಿಮ್ಮ ಹತ್ತಿರ ಒಂದು ಪ್ರತಿ, ಶಾಲೆಯಲ್ಲಿ ಒಂದು ಪ್ರತಿ.

ಮುಂದಿನ ವಾರದಿಂದ ಮಕ್ಕಳು ಜೇಬಿನ ತುಂಬ ಹೊಳೆ ಕಲ್ಲು ತರಲು ಶುರುಮಾಡುತ್ತಾರೆ. ಎರಡನೇ ಹಂತದ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು, ವಿನೆಗರ್ ಶೀಶೆಯ ಜೊತೆ ಟೀಚರ್ ಕೈಗೆ ಕೊಟ್ಟು ಬನ್ನಿ.